ಗೋಡೆಯಿಂದ ಸರಿದ ಮಂಚ

ನಮ್ಮ ಅತ್ತೆ ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿದ್ದನ್ನು ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ. ಶಹಾಪುರದಲ್ಲಿ ನಮ್ಮ ಮನೆ ಸುರಪುರದ ರಸ್ತೆಗೆ ಹತ್ತಿರ. ಬಸ್ಸು ತಪ್ಪಿಸಿಕೊಂಡವರು, ಸಂತೆಗೆ ಬಂದವರು, ಹತ್ತಿ ಮಾರಲು ಬಂದ ಕೊಂಕಲ್ಲಿನ ಮಂದಿ, ಯಾರೇ ಆಗಲಿ, ಪಡಸಾಲೆಯಲ್ಲಿ ಒಂದು ಗಳಿಗೆ ಕೂತು ನೀರು ಕುಡಿದೇ ಮುಂದೆ ಹೋಗಬೇಕು. "ಬಾಗಲಾ ಮುಚ್ಚಿದ ಮನಿಗಿ ಗುಬ್ಬಿನೂ ಬರಂಗಿಲ್ಲ" ಎನ್ನುತ್ತಿದ್ದಳು. ಗುಬ್ಬಿ ಬಂದರೆ ಅದಕ್ಕೂ ಚಹಾ ಮಾಡಿಕೊಡುವ ಹೆಂಗಸು.

ಮದುವೆಗೆ ಮೊದಲು ಅವಳು ನನಗೆ ಸೋದರತ್ತೆ, ನನ್ನ ಅಪ್ಪನ ಅಕ್ಕ. ಅವಳ ಮಗನನ್ನು ಮಾಡಿಕೊಂಡ ಮೇಲೆ ಮನೆಯ ಅತ್ತೆ. ಕರೆಯುವುದಕ್ಕೆ ಹೊಸ ಮಾತೇನೂ ಕಲಿಯಬೇಕಾಗಲಿಲ್ಲ. ಮಾತು ಕಲಿತದ್ದೇ ಅವಳ ಬಾಯಿಂದ. ಕೊಂಕಲ್ಲಿನ ತವರಿಗೆ ಬಂದಾಗಲೆಲ್ಲ ನನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಒಡಪು, ಗಾದೆ, ಬೈಗುಳ ಮೂರನ್ನೂ ಒಂದೇ ಉಸಿರಿನಲ್ಲಿ ಕಲಿಸಿದವಳು ಅವಳು.

ಬಂದವರಿಗೆ ಬೆನ್ನು ಮಾಡಬಾರದು ಎಂಬುದು ನಮ್ಮಲ್ಲಿ ಕೂಸಿಗೂ ಗೊತ್ತು. ಅತ್ತೆ ಮಾತ್ರ ಅದನ್ನು ವ್ರತದ ಹಾಗೆ ನಡೆಸಿದವಳು. ಅವಳು ಹೊಸ ಸೊಸೆಯಾಗಿದ್ದಾಗ ಈ ಮನೆಯ ಒಲೆ ಗೋಡೆಗೆ ಮುಖ ಮಾಡಿತ್ತಂತೆ. ರೊಟ್ಟಿ ಬಡಿಯಲು ಕೂತರೆ ಬೆನ್ನು ಪಡಸಾಲೆಯ ಕಡೆಗೆ. ಒಂದು ಶ್ರಾವಣಕ್ಕೆ ಮುಂಚೆ, ಯಾರನ್ನೂ ಕೇಳದೆ, ಒಲೆಯನ್ನು ಕಿತ್ತು ಬಾಗಿಲ ಕಡೆಗೆ ತಿರುಗಿಸಿ ಹಾಕಿದಳು. ಮಾವ ಹೊಲದಿಂದ ಬಂದು ನೋಡಿ, "ಹೊಗಿ ಎಲ್ಲಾ ಪಡಸಾಲಿಗಿ ಬರ್ತದಲ್ಲಬೇ" ಎಂದರೆ, "ಹೊಗಿ ಬಂದ್ರ ಬರ್ಲಿ, ಬಂದಾರು ನನ್ನ ಬೆನ್ನ ನೋಡ್ಕೋಂತ ಕುಂದರಬಾರದು" ಎಂದಳಂತೆ. ಈ ಒಲೆಯ ಸಂಗತಿ ಮುಂದೆ ನನಗೆ ಉಪಯೋಗಕ್ಕೆ ಬಂತು.

ಅವಳಿಗೆ ಗರ್ಭಕೋಶದ ಕ್ಯಾನ್ಸರ್ ಆಯಿತು. ಕಲಬುರಗಿಗೆ ಕರೆದೊಯ್ದು ತೋರಿಸಿದೆವು, ಗಡ್ಡೆ ಸುಡುವ ಕರೆಂಟು ಕೊಡಿಸಿದೆವು. ಕೊನೆಗೆ ಡಾಕ್ಟರು ನನ್ನನ್ನೂ ನಮ್ಮ ಮನೆಯವರನ್ನೂ ಕೂರಿಸಿಕೊಂಡು, ಇನ್ನು ಗುಣ ಮಾಡುವ ಔಷಧ ಉಳಿದಿಲ್ಲ, ನೋವಾಗದಂತೆ ನೋಡಿಕೊಳ್ಳುವ ಔಷಧ ಬೇಕಾದಷ್ಟಿದೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಸಮಾಧಾನವಾಗಿ ಹೇಳಿದರು. ಮನೆಗೆ ಬಂದ ಮೇಲೆ ಕಾಲಿನ ಶಕ್ತಿ ಹೋಯಿತು. ಪಡಸಾಲೆಯ ಪಡುವಣ ಗೋಡೆಗೆ ಹತ್ತಿಸಿ ಮಂಚ ಹಾಕಿ, ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದೆವು. ಎದುರಿಗೇ ಬಾಗಿಲು.

ಊರವರು ಮಾತಾಡಿಸಲು ಬರತೊಡಗಿದರು. ಬೇನೆ ಬಿದ್ದವರನ್ನು ಮಾತಾಡಿಸಿ ಬರುವುದು ನಮ್ಮಲ್ಲಿ ಋಣ ತೀರಿಸಿದ ಹಾಗೆ. ಅತ್ತೆಯ ಋಣವಿಲ್ಲದ ಮನೆ ನಮ್ಮ ಓಣಿಯಲ್ಲಿ ಇರಲಿಲ್ಲ. ಮುಂಜಾನೆಯಿಂದ ಸಂಜೆತನಕ ಜಮಖಾನೆ ಮಡಿಚಲು ಬಿಡುವಿರಲಿಲ್ಲ. ಅವಳು ಸೆರಗು ಹೊದ್ದು, ಅಂಗಾತ ಮಲಗಿ, ದಿಂಬಿನ ಮೇಲೆ ಕತ್ತು ಎತ್ತಿ, "ಬರ್ರಿ, ಚಹಾ ತರ್ತಾಳ ಕುಂದರ್ರಿ" ಎನ್ನುವಳು.

ಒಂದು ದಿನ ಮೈ ಒರೆಸುವಾಗ ಟೊಂಕದ ಕೆಳಗೆ, ಎಲುಬು ಎದ್ದು ಕಾಣುವ ಜಾಗದಲ್ಲಿ, ಕೆಂಪು ಕಂಡಿತು. ಬೆರಳಿಟ್ಟು ಒತ್ತಿದರೂ ಕೆಂಪು ಹೋಗಲಿಲ್ಲ. ಆ ವಾರ ನಾದಿನಿ ಬಂದಿದ್ದಳು. ಅವಳನ್ನು ಸುರಪುರಕ್ಕೆ ಕೊಟ್ಟಿದೆ. ತಾಯಿಯ ಮೇಲೆ ಜೀವ, ಕೈಯಲ್ಲಿ ಕೆಲಸ, ಬಾಯಲ್ಲಿ ಖಾರ.

"ಕೆಂಪಾಗಿದ್ದು ಗಾದಿಗಿ ಹತ್ತಬಾರದು, ಅಷ್ಟ ಹೌದಲ್ಲೊ ವೈನಿ? ಸಿಂಬಿ ಹಾಕಿದ್ರ ಆತು."

ಸಿಂಬಿ ಎಂದರೆ, ತುಂಬಿದ ಕೊಡ ತಲೆಯ ಮೇಲೆ ಕೂರಲೆಂದು ಬಟ್ಟೆ ಸುತ್ತಿ ಮಾಡುವ ಬಳೆ. ಹಳೆಯ ಇಳಕಲ್ ಸೀರೆ ಹರಿದು, ಹೊರಳಿಸಿ ಹೊರಳಿಸಿ ಸುತ್ತಿ, ನೋಡಿದರೆ ತಲೆಯ ಮೇಲೆ ಇಟ್ಟುಕೊಳ್ಳಬೇಕು ಅನ್ನಿಸುವಷ್ಟು ಚೆಂದದ ಸಿಂಬಿ ಮಾಡಿದಳು. ಅದರ ಮೇಲೆ ಅತ್ತೆಯನ್ನು ತುಂಬಿದ ಕೊಡದ ಹಾಗೆ ಕೂರಿಸಿದೆವು. ಕೆಂಪು ಜಾಗ ನಡುವಿನ ತೂತಿನಲ್ಲಿ ಏನಕ್ಕೂ ತಾಗದೆ ತೂಗಾಡುತ್ತಿತ್ತು. ನಮಗೆ ಹೆಮ್ಮೆ. ವಾರ ತುಂಬುವುದರೊಳಗೆ ಚರ್ಮ ಒಡೆಯಿತು. ಅರಿಸಿಣ ಹಚ್ಚಿದೆವು, ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದೆವು. ಹುಣ್ಣು ಒಳಗೊಳಗೇ ಇಳಿಯಿತು. ಅದರ ಹಿಂದೆಯೇ ವಾಸನೆ ಬಂತು.

ಬಾಜೂ ಮನೆಯ ಆಪಾ ಅತ್ತೆಯ ಹಳೆಯ ಗೆಳತಿ. ಅವತ್ತು ಮುಂಜಾನೆ ಬಂದು ಕೂತವಳು ಸೆರಗಿನ ತುದಿಯನ್ನು ಮೂಗಿಗೆ ಒಯ್ಯಲು ಹೋಗಿ, ನಡುವೆಯೇ ಎಚ್ಚರಗೊಂಡು, ಕೈಯನ್ನು ಹಾಗೇ ಮೇಲಕ್ಕೆ ಎತ್ತಿ ತಲೆಯ ಸೆರಗು ಸರಿ ಮಾಡಿಕೊಂಡಳು. ಅವಳು ಎದ್ದು ಹೋದ ಮೇಲೆ ಅತ್ತೆ ಹೇಳಿದಳು:

"ಬಾಗಲಾ ಹಾಕು."

"ಗಾಳಿ ಬರ್ಲಿ ಬಿಡು ಅತ್ತಿ."

"ಬರೋದು ಗಾಳಿ. ಹೋಗೋದು ಏನು, ನಿನಗ ಗೊತ್ತಿಲ್ಲೇನು? ಹಾಕು. ಯಾರ ಬಂದ್ರೂ ಮಲಗ್ಯಾಳ ಅನ್ನು."

ನಾನು ಬಾಗಿಲು ಹಾಕಿದೆ. ಹಾಕಿ ಅಲ್ಲೇ ಕದಕ್ಕೆ ಕೈ ಊರಿ ನಿಂತೆ. ಅತ್ತೆ ಉಳಿಯುವುದಿಲ್ಲ ಎಂಬುದನ್ನು ನಾನು ಒಪ್ಪಿಕೊಂಡಾಗಿತ್ತು. ಅದರ ಜೊತೆ ಜಗಳ ಆಡಿ ಪ್ರಯೋಜನವಿಲ್ಲ. ಆದರೆ ಈ ಹೆಂಗಸು ಮುಚ್ಚಿದ ಬಾಗಿಲ ಹಿಂದೆ, ತನ್ನ ಮೈಗೆ ತಾನೇ ನಾಚಿಕೊಂಡು ಸಾಯಕೂಡದು. ಅವಳು ಇರುವಷ್ಟರಲ್ಲೇ ಈ ಬಾಗಿಲು ತೆರೆಯಬೇಕು, ಅವಳೇ ತೆರೆಯಲು ಹೇಳಬೇಕು. ಮಾಡಬೇಕಾದ ಕೆಲಸ ಇಷ್ಟೇ ಎಂದು ಗಟ್ಟಿ ಮಾಡಿಕೊಂಡೆ.

ಗುಣವಾಗದ ಬೇನೆಯವರನ್ನು ಮನೆಗೇ ಬಂದು ನೋಡುವ ನರ್ಸ್ ಒಬ್ಬಳು ಯಾದಗಿರಿಯಿಂದ ಬರುತ್ತಾಳೆಂದು ಕೇಳಿ, ನಮ್ಮ ಮನೆಯವರು ಹೋಗಿ ವಿಚಾರಿಸಿ ಬಂದರು. ಮುಂದಿನ ವಾರವೇ ಜೀಪು ಬಂತು. ಹರೆಯದ ಹುಡುಗಿ. ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಮೊದಲು ಅತ್ತೆಯ ಕೈ ಹಿಡಿದು ಕೂತಳು. ಹುಣ್ಣಿನ ಸುದ್ದಿಯನ್ನು ಅತ್ತೆಯೇ ಎತ್ತಿದಳು.

"ಯವ್ವಾ, ನಮ್ಮೂರ ಗುಡ್ಡ ನೋಡೀಯಿಲ್ಲೊ? ಬುದ್ಧ ಅಂಗಾತ ಮಲಗ್ಯಾನ. ಯಾವ ಕಾಲದಾಗ ಮಲಗಿದಾಂವೋ, ಒಮ್ಮೀನೂ ಹೊಳ್ಳಿಲ್ಲ. ಅವಗ ಇಲ್ಲದ ಹುಣ್ಣು ನನಗ್ಯಾಕ ಆತು?"

"ಅಂವ ಕಲ್ಲ ಅದಾನ ಆಯಿ. ನೀ ಕಲ್ಲಾಗಿದ್ರ ನಾ ಯಾದಗಿರಿಯಿಂದ ಯಾಕ ಬರ್ತಿದ್ದೆ?"

ಅತ್ತೆ ನಕ್ಕಳು. ನಕ್ಕಿದ್ದರಿಂದ ನೋವಾಗಿ ಬೈದಳು. ಅಲ್ಲಿಗೆ ಇಬ್ಬರಿಗೂ ಗೆಳೆತನವಾಯಿತು.

ಸಿಂಬಿಯನ್ನು ಹೊರಗೆ ತೆಗೆದು ನರ್ಸ್ ನನಗೆ ತೋರಿಸಿದಳು. "ಮೇಲ ಎಲುಬು, ಕೆಳಗ ಗಾದಿ. ನಡುವ ಸಿಕ್ಕ ಮಾಂಸಕ್ಕ ರಕ್ತ ಹರಿಯಂಗಿಲ್ಲ ಅಕ್ಕಾ. ಕಾಲುವಿ ನೀರು ನಿಂತ್ರ ಭತ್ತದ ಮಡಿ ಏನಾಗ್ತದ? ಹಂಗ ಆಗ್ಯಾದ. ಈ ಸಿಂಬಿ ಸುತ್ತಲೂ ಒತ್ತಿ, ಇದ್ದ ಒಂದು ಕಾಲುವೀನೂ ಬಂದ್ ಮಾಡ್ಯಾದ. ಎಲ್ಲಾರ ಮನ್ಯಾಗೂ ಮಾಡ್ತಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದನ್ನ ಕೊಡಕ್ಕ ಇಟ್ಕೋರಿ."

ನಾನು ಅಡುಗೆಮನೆಗೆ ಕರೆದು ನೇರವಾಗಿ ಕೇಳಿದೆ, ಮಾಯುತ್ತದೆಯೇ ಎಂದು.

"ಪೂರಾ ಮಾಯ್ತದ ಅಂತ ನಾ ಸುಳ್ಳ ಹೇಳಂಗಿಲ್ಲ. ಮಾಯಸೋ ಶಕ್ತಿ ಮೈಯಾಗ ಕಡಿಮಿ ಆಗ್ಯಾದ. ಖರೆ, ದೊಡ್ಡದಾಗದಂಗ ತಡೀಬೌದು. ನೋವು ತಡೀಬೌದು."

"ವಾಸನಿ?"

"ಅದನ್ನ ನಿಲ್ಲಸೇ ನಿಲ್ಲಸಬೌದು."

ನನಗೆ ಅಷ್ಟು ಸಾಕಾಗಿತ್ತು.

ಆವತ್ತಿನಿಂದ ಮನೆಯ ಕೆಲಸದ ಕ್ರಮವೇ ಬೇರೆಯಾಯಿತು. ನೋವಿನ ಗುಳಿಗೆ ಕೊಟ್ಟು, ಅದು ಹತ್ತಲು ಬಿಟ್ಟು, ಆಮೇಲೆ ಪಟ್ಟಿ ಬಿಚ್ಚುವುದು. ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯುವುದು. ನರ್ಸ್ ಕೊಟ್ಟ ಗುಳಿಗೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸುವುದು, ವಾಸನೆಗೆ ಅದೇ ಮದ್ದು. ಅರಿಸಿಣ, ಎಣ್ಣೆ, ತಿಕ್ಕುವುದು ಬಂದ್. ಎಲ್ಲಕ್ಕಿಂತ ಮುಖ್ಯ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಎಳೆಯಬಾರದು, ಕೆಳಗೆ ಹಾಸಿದ ದುಪ್ಪಟಿಯ ಎರಡೂ ಕಡೆ ಹಿಡಿದು ಎತ್ತಿ ಹೊರಳಿಸಬೇಕು. ಇದನ್ನು ನಮ್ಮ ಮನೆಯವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಅವರದು ಕಾಳಿನ ಬಜಾರಿನಲ್ಲಿ ಕೆಲಸ. "ಜ್ವಾಳದ ಚೀಲ ಎಳದ್ರ ತಳ ಹರೀತದ, ನನಗ ಗೊತ್ತಿಲ್ಲೇನು" ಎಂದರು. ಮಂಚದಿಂದ ಅತ್ತೆ, "ನಿಮ್ಮವ್ವ ಚೀಲ ಆದ್ಳಲ್ಲೋ!" ಎಂದು ಕೂಗಿದಳು.

ಹೊತ್ತು ನೋಡಲು ಗಡಿಯಾರ ಬೇಕಾಗಲಿಲ್ಲ. ಮಸೀದಿಯ ಬಾಂಗು, ಶಾಲೆಯ ಗಂಟೆ, ಮಧ್ಯಾಹ್ನ ಟೀವಿಯಲ್ಲಿ ಸೊಸೆ ಅಳುವ ಧಾರಾವಾಹಿ, ಇವನ್ನೇ ಹೊಂದಿಸಿಕೊಂಡೆ. ಬಾಂಗು ಕೂಗಿದರೆ ಗೋಡೆಯ ಆಚೆಯಿಂದ ಆಪಾ, "ಬಾಂಗ್ ಆತು, ಹೊಳ್ಳಸ್ರೇ" ಎಂದು ನೆನಪು ಮಾಡಿ ನಮಾಜಿಗೆ ಹೋಗುತ್ತಿದ್ದಳು.

ಹುಣ್ಣಿನ ತಳ ಸ್ವಚ್ಛವಾಗುತ್ತ ಬಂತು. ಒಂದು ದಿನ ನಾನು ಹಿತ್ತಲ ಬಾಗಿಲಿನಿಂದ ಆಪಾಳನ್ನು ಕರೆತಂದು ಮಂಚದ ಹತ್ತಿರ ಕೂರಿಸಿದೆ.

"ಆಪಾ, ಮೂಗ ಮುಚ್ಚಬ್ಯಾಡ್ರಿ. ಖರೆ ಹೇಳ್ರಿ. ಏನರೆ ವಾಸನಿ ಐತಿ?"

ಆಪಾ ಅಡುಗೆಯ ರುಚಿ ನೋಡುವವಳಂತೆ ಗಂಭೀರವಾಗಿ ಉಸಿರೆಳೆದಳು. "ಸಾಬಾಣದ್ದು ಐತಿ. ಖುದಾನ ಆಣಿ, ಮತ್ತೇನೂ ಇಲ್ಲ."

ಅತ್ತೆ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಪಾಳ ಕೈ ಅವಳ ಮಡಿಲಿನಲ್ಲೇ ಇತ್ತು, ಸೆರಗಿನ ಕಡೆಗೆ ಹೋಗಲಿಲ್ಲ.

"ಬಾಗಲಾ ತಗಿ" ಎಂದಳು ಅತ್ತೆ.

ಕೆಲಸ ಮುಗಿಯಿತು ಎಂದುಕೊಂಡೆ. ಮಂದಿ ಮತ್ತೆ ಬಂದರು, ಹಿಂದಿಗಿಂತ ಹೆಚ್ಚು. ಅತ್ತೆ ಹುರುಪಾದಳು. ಹುಣ್ಣು ಮಾತ್ರ ಮತ್ತೆ ಕೆಟ್ಟಿತು. ಅಂಚು ಕಂದಿತು, ಪಟ್ಟಿ ಬೇಗ ಬೇಗ ನೆನೆಯಿತು. ನರ್ಸ್‌ಗೆ ಬಗೆಹರಿಯಲಿಲ್ಲ. ಮದ್ದು ಅದೇ, ತೊಳೆಯುವುದು ಅದೇ, ಹೊರಳಿಸುವುದೂ ನಡೆದೇ ಇದೆ ಎಂದು ನಾನು ಆಣೆ ಮಾಡುತ್ತಿದ್ದೆ. ಸುಳ್ಳೂ ಅಲ್ಲ, ಹೊರಳಿಸುತ್ತಿದ್ದೆವು.

ಆ ದಿನ ಜೀಪಿನ ಹಾರ್ನು ಕೇಳಿತು. ಅತ್ತೆ ಎಡ ಮಗ್ಗುಲಾಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಸಿಸ್ಟರ್ ಬಂದ್ಳು, ಲಗೂ ಲಗೂ" ಎಂದಳು. ನಾನೂ ಮನೆಯವರೂ ದುಪ್ಪಟಿ ಹಿಡಿದು ಅವಳನ್ನು ಅಂಗಾತ ಮಾಡಿ, ಕೌದಿ ಸರಿ ಮಾಡಿ, ಸೆರಗು ಹೊದಿಸಿದೆವು. ನರ್ಸ್ ಒಳಗೆ ಬಂದು ಹುಣ್ಣು ನೋಡಿ ಕೇಳಿದಳು:

"ಆಯಿ, ನಾ ಬಂದಾಗೊಮ್ಮಿ ನೀ ಅಂಗಾತನ ಇರ್ತೀಯಲ್ಲ, ಯಾಕ?"

"ನೀ ಬರ್ತೀ ಅಂತನ ಹೊಳ್ಳಸಗೋತೀನಿ. ದೂರದಿಂದ ಬಂದಾಕಿಗಿ ಬೆನ್ನ ಮಾಡಿ ಮಲಗಲೇನು?"

ಹುಡುಗಿ ಬಾಯಿ ತೆರೆದು ನನ್ನನ್ನು ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಅಂದ್ರ ನಾ ಬರೋದ ಈ ಹುಣ್ಣಿಗಿ ಬ್ಯಾನಿ ಆತು!"

ಅವಳೊಬ್ಬಳೇ ಅಲ್ಲ, ಬಂದವರೆಲ್ಲರೂ. ಎಡಕ್ಕೆ ಹೊರಳಿಸಿದರೆ ಮುಖ ಗೋಡೆಗೆ, ಬೆನ್ನು ಬಾಗಿಲಿಗೆ. ಬಲಕ್ಕೆ ಹೊರಳಿದರೆ ಬಂದವರಿಗೆ ಮುಖ ಸಿಗುತ್ತದೆ ನಿಜ, ಆದರೆ ಬಲ ಸೊಂಟದ ಚಪ್ಪೆ ಎಲುಬಿನಲ್ಲಿ ಬೇನೆ ಸೇರಿಕೊಂಡಿತ್ತು, ಆ ಮಗ್ಗುಲಲ್ಲಿ ಬಹಳ ಹೊತ್ತು ಇರಲು ಆಗುತ್ತಿರಲಿಲ್ಲ. ಉಳಿದದ್ದು ಅಂಗಾತ. ನಾವು ಬಾಂಗಿಗೊಮ್ಮೆ ಹೊರಳಿಸುವುದು, ಹೊಸ್ತಿಲಲ್ಲಿ ಯಾರದಾದರೂ ನೆರಳು ಬಿದ್ದ ಕೂಡಲೇ ಅವಳನ್ನು ಮತ್ತೆ ಹುಣ್ಣಿನ ಮೇಲೆ ಮಲಗಿಸುವುದು. ಅದನ್ನು ತಪ್ಪೆಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ, ಬಂದವರಿಗೆ ಮಣೆ ಹಾಕಿದಷ್ಟು ಸಹಜವಾಗಿತ್ತು.

"ಹಂಗಾದ್ರ ತಲಿ ಈ ಕಡಿ ಮಾಡಿ ಮಲಗಸ್ರಿ" ಎಂದು ನರ್ಸ್ ಉತ್ತರ ದಿಕ್ಕು ತೋರಿಸಿದಳು. "ಎಡಕ್ಕ ಹೊಳ್ಳಿದ್ರ ಮಕ ಬಾಗಲಾಕ್ಕ ಬರ್ತದ."

ಸುರಪುರದಿಂದ ಆವತ್ತೇ ಬಂದಿದ್ದ ನಾದಿನಿ ಸಿಡಿದಳು. "ಉತ್ತರಕ್ಕ ತಲಿ? ಜೀವ ಇದ್ದಾಕಿನ ಉತ್ತರಕ್ಕ ತಲಿ ಮಾಡಿ ಮಲಗಸ್ತೀರೇನ? ಹಂಗ ಮಲಗಿದಾರು ಏಳಂಗಿಲ್ಲ!"

"ಈಗೇನು ಎದ್ದು ಕುಣ್ಯಾಕತ್ತೀನೇನ ನಾನು?" ಎಂದಳು ಅತ್ತೆ. ಆದರೂ ಮಗಳ ಕಡೆಗೇ ನಿಂತಳು. "ಉತ್ತರಕ್ಕ ಬ್ಯಾಡ. ನನ್ನ ಮಗಳ ಮನಸಿಗಿ ಹತ್ತಿಕೊಂತದ. ನಾಳಿ ನಾ ಹೋದ್ರ ವೈನೀನ ಅವ್ವನ್ನ ಕೊಂದ್ಳು ಅಂತಾಳ."

ಮಾತು ಅಲ್ಲಿಗೆ ನಿಂತಿತು. ನರ್ಸ್ ಹೊರಡಲು ಎದ್ದಳು. ನನಗೆ ಮಾತ್ರ ತಡೆಯಲಾಗಲಿಲ್ಲ. ಬಾಗಿಲು ತೆರೆದರೆ ಹುಣ್ಣು, ಹುಣ್ಣು ಬೆಳೆದರೆ ಮತ್ತೆ ವಾಸನೆ, ಮತ್ತೆ ಬಾಗಿಲು ಬಂದ್. ಪಟ್ಟ ಪಾಡೆಲ್ಲ ನೀರಿಗೆ. ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟೆ. ಒಲೆಯ ಮುಂದೆ ನಿಂತು ತಲೆ ಎತ್ತಿದರೆ ಎದುರಿಗೆ ಬಾಗಿಲು, ರಸ್ತೆ, ಹೋಗುವ ಬರುವ ಮಂದಿ. ಈಗಿನದು ಗ್ಯಾಸಿನ ಒಲೆ. ಆದರೆ ಅದನ್ನು ಇಟ್ಟದ್ದು ಅತ್ತೆ ತಿರುಗಿಸಿದ ಜಾಗದಲ್ಲೇ.

ಚಹಾ ಕುದಿಯಲು ಬಿಟ್ಟು ಹೊರಗೆ ಬಂದೆ.

"ಅತ್ತಿ, ಬೆನ್ನ ಮಾಡಬಾರದು ಅಂತ ಒಲೀನ ಕಿತ್ತು ಹೊಳ್ಳಿಸಿದಾಕಿ ನೀನು. ಹೌದಲ್ಲೊ?"

"ಹೌದು. ಅದಕ್ಕೇನೀಗ?"

"ನೀ ಹೊಳ್ಳಬ್ಯಾಡ. ಮಂದಿ ಹೊಳ್ಳಲಿ."

ಮಂಚವನ್ನು ಗೋಡೆಯಿಂದ ಎಳೆದು ಪಡಸಾಲೆಯ ನಟ್ಟನಡುವೆ ಹಾಕೋಣ, ತಲೆ ದಕ್ಷಿಣಕ್ಕೇ ಇರಲಿ. ಮಂಚದ ಎರಡೂ ಕಡೆ ಜಮಖಾನೆ ಹಾಸೋಣ. ಅತ್ತೆ ಯಾವ ಕಡೆ ಮುಖ ಮಾಡಿದ್ದಾಳೋ ಬಂದವರು ಆ ಕಡೆ ಹೋಗಿ ಕೂರಲಿ. ನಾನು ಇಷ್ಟು ಹೇಳುವಷ್ಟರಲ್ಲಿ ಮನೆಯವರು ಮಂಚದ ಕಾಲು ಹಿಡಿದಾಗಿತ್ತು. ಅತ್ತೆ ತಡೆದಳು.

"ತಡಿಯೋ. ಗೋಡಿ ಕಡಿ ಅಂದ್ರ ಒಳಮನಿ ಬಾಜು. ಅಲ್ಲಿ ಮನಿಯಾರು ಕುಂದರ್ತಾರ. ಬಂದ ಬಂದಾರನೆಲ್ಲ ಅಲ್ಲಿ ಕುಂದರಸ್ತೀರೇನ?"

ಇದು ಸಣ್ಣ ಮಾತಲ್ಲ. ನಮ್ಮ ಮನೆಗಳಲ್ಲಿ ಯಾರು ಎಲ್ಲಿಯತನಕ ಬರಬಹುದು ಎಂಬುದನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಆಪಾ ಅಷ್ಟು ವರ್ಷದ ಗೆಳತಿಯಾದರೂ ಬಾಗಿಲ ಕಡೆಯ ಜಮಖಾನೆ ದಾಟಿದವಳಲ್ಲ. ಹಿತ್ತಲಿನಿಂದ ನಾನು ಕರೆತಂದ ದಿನವೂ ಮಂಚದ ಕಾಲ ಬಳಿಯಿಂದ ಬಳಸಿ ಬಂದು ಈಚೆಗೇ ಕೂತಿದ್ದಳು. ನರ್ಸ್ ಚೀಲದ ಹುರಿ ಕಟ್ಟುತ್ತ ಕಾದಳು. ಅತ್ತೆ ಸೂರನ್ನು ನೋಡುತ್ತ ಮಲಗಿದ್ದಳು.

"ಹೂಂ, ಎಳೀರಿ. ಮೊದಲು ಆಪಾನ್ನ ಕರೀರಿ" ಎಂದಳು ಕೊನೆಗೆ.

ಆಪಾ ಬಂದು ಹೊಸ್ತಿಲಲ್ಲಿ ನಿಂತಳು. ಅತ್ತೆ ಎಡಕ್ಕೆ ಮಲಗಿದ್ದಳು. ಬೆನ್ನು ಹೊರಗೆ, ಮುಖ ಒಳಗೆ. "ಸುತ್ತ ಹಾಕಿ ಬಾರೇ, ಇಲ್ಲಿ ಕುಂದ್ರು" ಎಂದು ಹೊರಳದೆಯೇ ಕರೆದಳು. ಆಪಾ ಚಪ್ಪಲಿಯನ್ನು ಇನ್ನಷ್ಟು ದೂರ ಬಿಟ್ಟು, ಮಂಚದ ಕಾಲ ಬಳಿಯಿಂದ ಮೆಲ್ಲಗೆ ಬಳಸಿ ಹೋಗಿ, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಇಬ್ಬರೂ ಬಹಳ ಹೊತ್ತು ಏನೇನೋ ಮಾತಾಡಿದರು.

ಆಮೇಲೆ ಅದೇ ಪದ್ಧತಿಯಾಯಿತು. ಬಾಗಿಲಲ್ಲೇ ನಾನು ಕಾವಲು. ಅಂಗಾತ ಮಾಡಿ ಎಂದು ಯಾರು ಹೇಳಿದರೂ ಇಲ್ಲ, ಎಂಥ ದೊಡ್ಡವರು ಬಂದರೂ ಇಲ್ಲ. ಮನೆಯವರು ಕೆಲಸ ಮಾಡುವ ಕಾಳಿನ ಅಡತಿ ಅಂಗಡಿಯ ಸಾವ್ಕಾರರು ಒಮ್ಮೆ ಬಂದರು. ಇಸ್ತ್ರಿಯ ಧೋತರ, ದೊಡ್ಡ ಹೊಟ್ಟೆ, ಮಂಚಕ್ಕೂ ಕಂಬಕ್ಕೂ ನಡುವೆ ಕಿರಿದಾದ ದಾರಿ. ಅವರು ಅಡ್ಡಡ್ಡ ಸರಿಯುತ್ತ, "ಏನ್ ತಂಗೆವ್ವಾ, ಮುಪ್ಪಿನಾಗ ನಮ್ಮ ಕಡೀಲೆ ಪ್ರದಕ್ಷಿಣಿ ಹಾಕಸಾಕತ್ತೀಯಲ್ಲ" ಎಂದರು.

"ಹಾಕ್ರಿ ಸಾವ್ಕಾರ್ರ. ತಿಂಥಣಿ ಮೋನಪ್ಪನ ಗುಡಿಗಿ ಹಾಕ್ತೀರಿ, ನನಗ ಅರ್ಧಾ ಹಾಕಿದ್ರ ಸವೀತೀರೇನು? ಸವದ್ರೂ ಚಲೋನ ಆತು, ಜರಾ ಹೊಟ್ಟಿ ಇಳೀತದ."

ಸಾವ್ಕಾರರು ನಕ್ಕು ಗೋಡೆಯ ಕಡೆ ಕೂತರು. ನಾನು ಚಹಾ ಕೊಟ್ಟೆ.

ಹುಣ್ಣು ಮಾಯಲಿಲ್ಲ. ನರ್ಸ್ ಮೊದಲೇ ಹೇಳಿದ್ದಳು. ಆದರೆ ಅದು ಮುಂದೆ ಒಂದು ಎಳೆಯೂ ಬೆಳೆಯಲಿಲ್ಲ. ತಳ ಕೆಂಪಗೆ ಸ್ವಚ್ಛವಾಗಿತ್ತು, ಅಂಚಿನಲ್ಲಿ ಈರುಳ್ಳಿ ಪೊರೆಯಂಥ ಚರ್ಮ ಬರತೊಡಗಿತ್ತು. ಅಷ್ಟರಲ್ಲಿ ಅತ್ತೆಯ ಊಟ ನಿಂತಿತು, ಮಾತು ಕಡಿಮೆಯಾಯಿತು. ಹೊರಳಿಸುವುದೇ ಆಯಾಸವಾದಾಗ ನರ್ಸ್, "ಇನ್ನ ಹೊತ್ತು ನೋಡಬ್ಯಾಡ್ರಿ ಅಕ್ಕಾ, ಆಕಿ ಮಕ ನೋಡ್ರಿ. ಯಾವ ಮಗ್ಗಲಾ ಸುಖ ಅನಸ್ತದ ಹಂಗ ಬಿಡ್ರಿ" ಎಂದಳು. ಆ ಕೊನೆಯ ದಿನಗಳಲ್ಲಿ ಅವಳಿಗೆ ಸುಖವಾದದ್ದು ಎಡ ಮಗ್ಗುಲು.

ಸುದ್ದಿ ಕಳಿಸಿದ ಮಧ್ಯಾಹ್ನವೇ ಸುರಪುರದ ಬಸ್ಸಿಗೆ ನಾದಿನಿ ಬಂದಳು. ಹೊಸ್ತಿಲು ದಾಟಿದವಳಿಗೆ ಕಂಡದ್ದು ತಾಯಿಯ ಬೆನ್ನು. ಕರೆದರೆ ತಾಯಿ ಹೊರಳಲು ಹೋಗುತ್ತಾಳೆ ಎಂಬುದು ನನಗೆ ಗೊತ್ತಿತ್ತು. ನಾನು ಬಾಯಿಗೆ ಬೆರಳಿಡುವ ಮೊದಲೇ ಅವಳು ಕಾಲ್ಗೆಜ್ಜೆಯ ಸದ್ದನ್ನೂ ಹಿಡಿದು, ಮಂಚವನ್ನು ಬಳಸಿ ಹೋಗಿ, ತಾಯಿಯ ಮುಖದೆದುರು ಕೂತಳು.

ಅತ್ತೆ ಕಣ್ಣು ತೆರೆದಳು. "ಬಂದಿ? ಊಟ ಆತೇನು?"

"ಆತಬೇ" ಎಂದಳು ನಾದಿನಿ. ಆಗಿರಲಿಲ್ಲ.

ಮರುದಿನ ಮುಂಜಾನೆ ಅತ್ತೆ ಹೋದಳು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹೂ ಹಾಕಿ ಕೂರಿಸುತ್ತೇವೆ. ಮಂಚ ಹೊರಗೆ ಹೋಯಿತು. ಹಳೆಯ ಜಾಗದಲ್ಲೇ, ಪಡುವಣ ಗೋಡೆಗೆ, ಬಾಗಿಲಿಗೆ ಎದುರಾಗಿ ಕೂರಿಸಿದರು. ಒರಗಿಸುವ ಮುಂಚೆ ನಾದಿನಿ, "ತಡೀರಿ" ಎಂದು ಒಳಗೆ ಓಡಿ ಮೆತ್ತನೆಯ ದಿಂಬು ತಂದು ತಾಯಿಯ ಟೊಂಕಕ್ಕೂ ಗೋಡೆಗೂ ನಡುವೆ ಇಟ್ಟಳು.

ಮಂದಿ ಬರುತ್ತಲೇ ಇದ್ದರು. ಸಾವ್ಕಾರರು ಬಂದರು. ಹೊಸ್ತಿಲು ದಾಟಿ, ತಲೆ ತಗ್ಗಿಸಿಕೊಂಡೇ, ಧೋತರದ ಚುಂಗು ಹಿಡಿದು ಕಂಬದ ಕಡೆಗೆ ಅಡ್ಡಡ್ಡ ಸರಿಯತೊಡಗಿದರು. ಅಲ್ಲಿ ಮಂಚವಿರಲಿಲ್ಲ.

"ಇವತ್ತ ಬ್ಯಾಡ್ರಿ ಸಾವ್ಕಾರ್ರ" ಎಂದೆ. "ಇವತ್ತ ಇಲ್ಲೇ ಕುಂದರ್ರಿ. ಮಕ ಬಾಗಲಾ ಕಡೀನ ಐತಿ."

ಅವರು ತಲೆ ಎತ್ತಿ ನೋಡಿದರು. "ಹೌದಲ್ಲ" ಎಂದು ಬಾಗಿಲ ಕಡೆಯ ಜಮಖಾನೆಯ ಮೇಲೆ, ಆಪಾಳಿಂದ ತುಸು ದೂರದಲ್ಲಿ, ಕೂತರು.